ಬಿಷಪ್ಪನ ಶೂ

ಮಗಳ ಶಾಲೆಯಲ್ಲಿ ಮಕ್ಕಳೆಲ್ಲ ಚರಿತ್ರೆಯ ಒಬ್ಬೊಬ್ಬರ ವೇಷ ಹಾಕಿ ಗೊಂಬೆಯಂತೆ ನಿಲ್ಲುವ ದಿನ. ಮುಂದಿಟ್ಟ ಕೆಂಪು ಕಾಗದವನ್ನು ಮುಟ್ಟಿದರೆ ಗೊಂಬೆ ಮಾತಾಡಬೇಕು. ಉಳಿದವರೆಲ್ಲ ಗಗನಯಾತ್ರಿ, ಫುಟ್‌ಬಾಲ್ ಆಟಗಾರ ಎಂದರೆ, ನಮ್ಮವಳು ಹುಡುಕಿ ತಂದದ್ದು ಮಧ್ಯಯುಗದ ಒಬ್ಬ ಇಂಗ್ಲಿಷ್ ಬಿಷಪ್ಪನನ್ನು. ಯಾರಿಗೆ ಗೊತ್ತು ಈ ಮಹಾನುಭಾವ! ರಾಜನ ಬೊಕ್ಕಸ, ರಾಜನ ಮುದ್ರೆ ಎರಡನ್ನೂ ನೋಡಿಕೊಳ್ಳುತ್ತಿದ್ದ ಆತನಿಗೆ ತನ್ನದೇ ಚರ್ಚಿಗೆ ಹೋಗಲು ವರ್ಷಗಟ್ಟಲೆ ಬಿಡುವು ಸಿಗಲಿಲ್ಲವಂತೆ.

ಬೆಳಿಗ್ಗೆ ನನ್ನ ಜರಿ ಶಾಲು ಹೊದಿಸಿ ನೋಡುತ್ತಾ ಗದರಿದ್ದೆ: "ದೇವರ ಕೆಲಸದವನು ಶೂ ಹಾಕ್ಕೊಂಡು ನಿಲ್ತಾನೇನೇ? ಅಲ್ಲಿ ಹೋಗಿ ಬಿಚ್ಚಿಡು."

ಸಂಜೆ ಫ್ಯಾಕ್ಟೋರಿಯಾ ಬಡಾವಣೆಯ ನನ್ನ ಆಫೀಸಿನಿಂದ ಎಂದಿನಂತೆ ತಡವಾಗಿ ಓಡಿ ಬಂದರೆ, ಬಿಷಪ್ಪ ಬರಿಗಾಲಲ್ಲಿ ನಿಂತಿದ್ದಾನೆ. ಪಕ್ಕದಲ್ಲಿ ಶೂ ಜೋಡಿಸಿಟ್ಟಿದೆ. ಬಿಷಪ್ಪರು ಚರ್ಚಿನೊಳಗೂ ಶೂ ಹಾಕುತ್ತಿದ್ದರಲ್ಲ ಎಂದು ಟೀಚರು ನಕ್ಕರು. ನನಗೆ ಮುಖ ಎಲ್ಲಿಡಲೆಂದು ತಿಳಿಯದೆ ಕೆಂಪು ಕಾಗದ ಮುಟ್ಟಿದೆ.

ಗೊಂಬೆ ತನ್ನ ಅಮೆರಿಕನ್ ಇಂಗ್ಲಿಷಿನಲ್ಲಿ ಶುರುಮಾಡಿತು. ಇಷ್ಟು ವರ್ಷ ರಾಜನ ಕೆಲಸ ಮಾಡಿದೆ, ಇವತ್ತು ಬಿಡುವು ಸಿಕ್ಕಿತು, ಈಗಷ್ಟೇ ನನ್ನ ಚರ್ಚಿಗೆ ಬಂದಿದ್ದೇನೆ, ಆಫೀಸಿನ ಶೂ ಹೊರಗೆ ಬಿಟ್ಟಿದ್ದೇನೆ ಎಂದಿತು. ಟೀಚರ ನಗು ನಿಂತಿತು.

ಆಮೇಲೆ ಅವಳು ನನ್ನತ್ತ ಬಗ್ಗಿ, ಅಪರೂಪಕ್ಕೆ ಕನ್ನಡದಲ್ಲಿ ಪಿಸುಗುಟ್ಟಿದಳು: "ಅಮ್ಮಾ, ನಿಂದೂ ಬಿಚ್ಚು."

ಬ್ಯಾಗಿನಲ್ಲಿ ಫೋನು ಗುಂಯ್‌ಗುಡುತ್ತಲೇ ಇತ್ತು. ನಾನು ಶೂ ಬಿಚ್ಚಿ ಅವಳ ಶೂ ಪಕ್ಕದಲ್ಲಿಟ್ಟೆ.