ಚಿಕ್ಕಮ್ಮನ ಎಂಟನೇ ಮಾದರಿ

ನಮ್ಮ ಚಿಕ್ಕಮ್ಮನ ಹಿತ್ತಲಲ್ಲಿ ಬಂಡೆಯ ಸಂದಿನಿಂದ ಒಂದು ಒರತೆ ಹೊರಟು ತೊಟ್ಟಿಗೆ ಬೀಳುತ್ತದೆ. ಆ ನೀರನ್ನು ಬಾಟಲಿಗೆ ತುಂಬಿ, ಮೇಲೆ 'ನೈಸರ್ಗಿಕ ಖನಿಜ ನೀರು' ಎಂದು ಬರೆದು ಮಾರಬೇಕೆಂಬುದು ಅವಳ ಹಟ. ಅದಕ್ಕಾಗಿ ಹೊಲಿಗೆ ಯಂತ್ರವನ್ನೇ ಮಾರಿದಳು. ಆಮೇಲೆ ಅವಳು ಪಟ್ಟ ಪಾಡು ಶತ್ರುವಿಗೂ ಬೇಡ.

ಕಾನೂನು ಕೇಳುವುದಿಷ್ಟೇ: ನೆಲದಿಂದ ಬಂದ ನೀರು ಬಂದ ಹಾಗೆಯೇ ಬಾಟಲಿಗೆ ಇಳಿಯಬೇಕು, ಕ್ರಿಮಿನಾಶಕ ಸೋಕಬಾರದು. ಎರಡು ವರ್ಷದಲ್ಲಿ ಎಂಟು ಸಲ ಮಾದರಿ ಕಳಿಸಬೇಕು, ಎಂಟರಲ್ಲೂ ಖನಿಜಗಳ ಅಳತೆ ಒಂದೇ ಸಮ ಇರಬೇಕು. ಇದಕ್ಕೆ ಅವಳ ತಕರಾರಿರಲಿಲ್ಲ. ಅರ್ಜಿಯಲ್ಲಿ 'ಸಂಸ್ಕರಣಾ ವಿಧಾನ' ಎಂಬಲ್ಲಿ 'ಇಲ್ಲ' ಎಂದು ಬರೆದದ್ದಕ್ಕೆ ಮೂರು ಸಲ ವಾಪಸ್ ಬಂತಲ್ಲ, ಆಗ ಮೈಯೆಲ್ಲ ಉರಿಯಿತು.

"ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳ್ಳಲ್ಲಮ್ಮಾ," ಎಂದ ಕಚೇರಿಯ ಗುಮಾಸ್ತ.

"ಖಾಲಿ ಎಲ್ಲಿ ಬಿಟ್ಟಿದೀನಪ್ಪಾ? ಇಲ್ಲ ಅಂತ ಬರ್ದಿದೀನಲ್ಲ!"

"ಇಲ್ಲ ಅಂದ್ರೆ ಖಾಲಿ ಅಂತಾನೇ ಲೆಕ್ಕ."

'ಸಂಸ್ಕರಣೆ ಮಾಡುವುದಿಲ್ಲ' ಎಂದು ಉದ್ದಕ್ಕೆ ಬರೆದ ಮೇಲೆ ಕಂಪ್ಯೂಟರಿಗೆ ಸಮಾಧಾನವಾಯಿತು. ಹಲ್ಲು ಕಚ್ಚಿಕೊಂಡು ಏಳು ಮಾದರಿ ದಾಟಿಸಿದಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಲಿಲ್ಲ. ಎಂಟನೆಯದಕ್ಕೆ ಅಧಿಕಾರಿಯೇ ಬಂದು ತೊಟ್ಟಿಯಿಂದ ನೀರು ತುಂಬಿಸಿಕೊಂಡು ಹೋದರು.

ಎರಡು ವಾರದ ಮೇಲೆ ವರದಿ ಬಂತು. ನೀರಿನಲ್ಲಿ ಕ್ಲೋರಿನ್ ಇದೆ, ಅರ್ಜಿ ತಿರಸ್ಕೃತವಾಗಿದೆ. ಬೇಕಾದರೆ 'ಸಂಸ್ಕರಿಸಿದ ಕುಡಿಯುವ ನೀರು' ಎಂದು ಮಾರಿಕೊಳ್ಳಬಹುದಂತೆ.

ಚಿಕ್ಕಮ್ಮ ಕಾಗದವನ್ನು ಗಟ್ಟಿಯಾಗಿ ಓದಿದಳು. ಚಿಕ್ಕಪ್ಪ ಕನ್ನಡಕ ಒರೆಸತೊಡಗಿದರು. ಮೂವತ್ತು ವರ್ಷ ಊರಿನ ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ ನಿವೃತ್ತರಾದವರು ಅವರು.

"ಸಾಹೇಬ್ರು ಬರ್ತಾರೆ ಅಂದ್ಯಲ್ಲ, ಬೆಳಿಗ್ಗೆ ತೊಟ್ಟಿಗೆ ಒಂದೇ ಒಂದು ಚಮಚ ಹಾಕ್ದೆ ಕಣೇ. ಅಂಥೋರಿಗೆ ನೀರು ಹಾಗೇ ಕೊಡೋಕಾಗುತ್ತಾ?"

"ಹಾಗೇ ಕೊಡೋಕೇ ರೀ ಎರಡು ವರ್ಷ ನಾನು ಒದ್ದಾಡಿದ್ದು!"

ನನಗಂತೂ ಚಿಕ್ಕಪ್ಪನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಬೇಕೆಂದೇ ಕೆಟ್ಟದ್ದು ಮಾಡಿದ್ದರೆ ಮನಸ್ಸು ತುಂಬ ಬೈದಾದರೂ ಬೈಯಬಹುದಿತ್ತು.

ಮತ್ತೆ ಮೊದಲಿನಿಂದ ಎಂಟು ಮಾದರಿ, ಮತ್ತೆ ಎರಡು ವರ್ಷ. ಅರವತ್ತೆರಡರ ಚಿಕ್ಕಮ್ಮ ಕಣ್ಣೊರೆಸಿಕೊಂಡು ಹೊಸ ಅರ್ಜಿ ತೆಗೆದಳು. 'ಒರತೆಯ ಸಮೀಪ ಮಾಲಿನ್ಯದ ಮೂಲಗಳು ಇವೆಯೇ?' ಎಂಬಲ್ಲಿ ಕಳೆದ ಸಲ 'ಇಲ್ಲ' ಎಂದು ಬರೆದಿದ್ದಳು. ಈ ಸಲ ಚಿಕ್ಕಪ್ಪನ ಕಡೆ ಒಮ್ಮೆ ನೋಡಿ, ದುಂಡಗೆ ಬರೆದಳು: 'ಇದ್ದಾರೆ.'