ಬಟನ್‌ಗೆ ತಪ್ಪಿಸಿದ ಇಂಜೆಕ್ಷನ್

ಟೈಲರಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಒಬ್ಬಂಟಿಯಾಗಿ ಮಷಿನ್ ತುಳಿದು ಬದುಕು ಕಟ್ಟಿಕೊಂಡವಳಿಗೆ ಕೋಪವಾದರೂ ಸ್ವಂತದ್ದು ಬೇಡವೇ? ಅವಳ ಕಾಲ ಬಳಿ, ಬಟ್ಟೆ ಚೂರುಗಳ ಗುಡ್ಡೆಯ ಮೇಲೆ ಮಲಗುವ ಕಂದು ನಾಯಿಯೇ ಬಟನ್.

ಬಟನ್‌ನ ಕತ್ತಿನಲ್ಲಿ ಗಂಟುಗಳೆದ್ದಾಗ ಪಶುವೈದ್ಯೆ ಪರೀಕ್ಷೆ ಮಾಡಿಸಿ ಕ್ಯಾನ್ಸರ್ ಎಂದರು. ಕೀಮೋ ಕೊಡಬಹುದು, ಪೂರ್ತಿ ವಾಸಿಯಾಗುವ ಭರವಸೆಯಿಲ್ಲ. ಆದರೆ ಮನುಷ್ಯರಿಗೆ ಕೊಡುವಷ್ಟು ಜೋರಾಗಿ ನಾಯಿಗೆ ಕೊಡುವುದಿಲ್ಲ, ಇರುವಷ್ಟು ದಿನ ಚೆನ್ನಾಗಿರಲಿ ಎನ್ನುವುದೇ ಉದ್ದೇಶ ಎಂದು ಬಿಡಿಸಿ ಹೇಳಿದರು. ಮೊದಲ ಇಂಜೆಕ್ಷನ್ ಆದಮೇಲೆ ಬಟನ್ ಒಂದು ದಿನ ಮಂಕಾಗಿತ್ತು, ಅಷ್ಟೆ. ಗಂಟುಗಳು ಇಳಿದವು. ಅಳತೆ ಟೇಪು ಕಚ್ಚಿಕೊಂಡು ಓಡುವ ಹಳೆಯ ಚಾಳಿಯೂ ಮರಳಿತು.

ಔಷಧಿಯ ಅಂಶ ಉಚ್ಚೆಯಲ್ಲೂ ಇರುತ್ತದೆಂದು ಅಕ್ಕ ಕೈಗವಸು ಹಾಕಿಕೊಂಡು ನೆಲ ಒರೆಸುತ್ತಿದ್ದಳು. ಅದು ಮನೆಗೆ ಬಂದಿದ್ದ ತಮ್ಮನ ಕಣ್ಣಿಗೆ ಬಿತ್ತು. ಮುಟ್ಟಬಾರದ ವಿಷವನ್ನು ಮೂಕಪ್ರಾಣಿಗೆ ಚುಚ್ಚಿಸುತ್ತೀಯಲ್ಲ, ಕೀಮೋದಲ್ಲಿ ಅಮ್ಮ ಪಟ್ಟ ಪಾಡು ಮರೆತೆಯಾ ಎಂದು ಹಾರಾಡಿದ. ಓಡಾಡುತ್ತಿದ್ದ ನಾಯಿಯನ್ನು ಅಕ್ಕ ತೋರಿಸಿದರೆ ಅತ್ತ ತಿರುಗಿಯೂ ನೋಡಲಿಲ್ಲ.

ಮುಂದಿನ ಸಲ ಅವಳು ಬಟನ್‌ನನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದರೆ ಔಷಧಿಯೇ ಸಿದ್ಧವಿಲ್ಲ. ಮನೆಯವರೇ ಫೋನ್ ಮಾಡಿ ಚಿಕಿತ್ಸೆ ನಿಲ್ಲಿಸಲು ಹೇಳಿದರಂತೆ. ವೈದ್ಯೆ ಊರಲ್ಲಿಲ್ಲ, ಇನ್ನು ಮುಂದಿನ ವಾರವೇ. ಕಾಯುವಷ್ಟರಲ್ಲಿ ಕತ್ತಿನ ಗಂಟು ಮತ್ತೆ ಕೈಗೆ ಸಿಗತೊಡಗಿತು. ಆಗ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಯಾರು ಕೊಟ್ಟರು ತಮ್ಮನಿಗೆ ಈ ಯಜಮಾನಿಕೆ?

ತಮ್ಮನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಕೇಳಿದಳು. ಅವನಿಗೆ ನಾಚಿಕೆಯೂ ಇಲ್ಲ, ಅಳುಕೂ ಇಲ್ಲ.

"ಕರುಣೆಯಿಂದ್ಲೇ ಮಾಡಿದ್ದು ಕಣಕ್ಕಾ. ಅಮ್ಮಂಗೂ ನಾನೇ ನಿಲ್ಲಿಸ್ಲಿಲ್ವಾ? ಆಮೇಲೆ ಎಷ್ಟು ನೆಮ್ಮದಿಯಾಗಿ ಹೋದ್ಲು."

ಅಕ್ಕ ಹೊಸ್ತಿಲು ದಾಟಿ ಒಳಗೆ ಬಂದಳು.

"ಡಾಕ್ಟ್ರೇ ಇನ್ನು ಬೇಡ ಅಂದ್ರು ಅಂತ ಹೇಳಿದ್ದೆ ನೀನು."

"ಅವ್ರು ಇನ್ನೂ ಕೊಡೋಣ ಅಂದ್ರು. ನಂಗೆ ನೋಡೋಕಾಗ್ಲಿಲ್ಲ."

"ಅಮ್ಮನ್ನ ಕೇಳಿದ್ಯಾ?"

"ಅವಳನ್ನೇನು ಕೇಳೋದು?"

ಅಮ್ಮ ಕೊನೆಯವರೆಗೂ ಮುಂದಿನ ಇಂಜೆಕ್ಷನ್ ಯಾವಾಗ ಎಂದು ಕೇಳುತ್ತಲೇ ಇದ್ದಳು. ಇನ್ನು ಬೇಕಾಗಿಲ್ಲವಂತಮ್ಮ ಎಂದು ತಲೆ ಸವರಿ ನಂಬಿಸಿದವಳು ಟೈಲರಕ್ಕನೇ.