ಏಳನೆಯ ಹೆಜ್ಜೆಗೆ ಸಾಕ್ಷಿ

ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿರುವ ನನ್ನ ತಂಗಿಯ ಮಗಳು, ಗಂಡ ತೀರಿಕೊಂಡ ಮೇಲೆ, ತಾನು ಅವನ ಹೆಂಡತಿ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕಾಯಿತು. ಅವನು ಉಯಿಲು ಬರೆದಿರಲಿಲ್ಲ. ಮಕ್ಕಳಿಲ್ಲ, ಅತ್ತೆ ಮಾವ ಇಲ್ಲ. ಮೈಸೂರಿನ ಛತ್ರದಲ್ಲಾದ ಮದುವೆಯನ್ನು ಯಾರೂ ರಿಜಿಸ್ಟರ್ ಮಾಡಿಸಿರಲಿಲ್ಲ. ಅವಳು ತನ್ನದೇ ಕೆಲಸದ ವೀಸಾದಲ್ಲಿ ಬಂದವಳು, ಆ ಕಾಗದ ಎಂದೂ ಬೇಕಾಗಿರಲಿಲ್ಲ. ಸರ್ಟಿಫಿಕೇಟ್ ಇಲ್ಲದ್ದು ಮದುವೆಯೇ ಅಲ್ಲ, ಅಣ್ಣನ ಮನೆ ತನಗೆ ಸೇರಬೇಕು ಎಂದು ಅವಳ ಮೈದುನ ತಕರಾರು ಹಾಕಿದ್ದ.

ಆಲ್ಬಮ್‌ನಲ್ಲಿ ಧಾರೆ ಇತ್ತು, ಮಾಂಗಲ್ಯಧಾರಣೆ ಇತ್ತು, ಸಪ್ತಪದಿ ಮಾತ್ರ ಇರಲಿಲ್ಲ. ಆ ಹೊತ್ತಿಗೆ ಫೋಟೋದವನೂ ಸೇರಿ ಎಲ್ಲರೂ ಮೊದಲ ಪಂಕ್ತಿಗೆ ಓಡಿದ್ದರು. ನಮ್ಮ ಮದುವೆಗಳಲ್ಲಿ ಅದು ಮಾಮೂಲು. ನಾನು ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಕೆಲಸ ಮುಗಿಯದೆ ಊಟಕ್ಕೆ ಏಳುವುದಿಲ್ಲ. ಏಳು ಗುಡ್ಡೆ ಅಕ್ಕಿ ಇಟ್ಟವಳೂ ನಾನೇ. ಹಾಗಾಗಿ ಸಾಕ್ಷಿ ಹೇಳಲು ಬಂದೆ.

ಮೊದಲ ದಿನ ಮೈದುನನ ವಕೀಲರು, ಮಿಷಿಗನ್ ಕೋರ್ಟಿಗೆ ಇಂಡಿಯಾದ ಕಾನೂನು ಏಕೆ ಎಂದು ಕೇಳಿದರು. ಮದುವೆ ಎಲ್ಲಿ ನಡೆಯಿತೋ ಅಲ್ಲಿನ ಕಾನೂನು ನೋಡಬೇಕು ಎಂದರು ಜಡ್ಜ್, ನನಗಿಂತ ತುಸು ಚಿಕ್ಕ ವಯಸ್ಸಿನ ಹೆಂಗಸು. “ಅದು ನನಗೆ ಗೊತ್ತಿಲ್ಲ. ಓದಿಕೊಂಡು ಬರುತ್ತೇನೆ.” ನನ್ನ ಸರ್ವಿಸಿನಲ್ಲಿ ಅಷ್ಟು ಸಲೀಸಾಗಿ ಗೊತ್ತಿಲ್ಲ ಎಂದ ದೊಡ್ಡ ಡಾಕ್ಟರನ್ನು ನಾನು ಕಂಡಿರಲಿಲ್ಲ.

ಎರಡು ವಾರ ಬಿಟ್ಟು ಅವಳ ಕಾರಿನಲ್ಲಿ ಮತ್ತೆ ಕೋರ್ಟಿಗೆ ಹೊರಟೆವು.

“ದೊಡ್ಡಮ್ಮ, ನರ್ವಸ್ ಆಗ್ಬೇಡಿ. ಶಾರ್ಟ್ ಆಗಿ ಹೇಳಿ.”

“ನರ್ವಸ್ ಆಗಿರೋಳು ನೀನು. ನೋಡು, ತಿರುಗೋ ಎಕ್ಸಿಟ್ ಬಿಟ್ಟೆ.”

ಜಡ್ಜ್ ಕೈಯಲ್ಲಿದ್ದ ಹಾಳೆಗಳಿಗೆ ಹಳದಿ ಚೀಟಿ ಅಂಟಿಸಿದ್ದರು. ರಿಜಿಸ್ಟರ್ ಆಗದಿದ್ದರೂ ಅಲ್ಲಿ ಮದುವೆ ಊರ್ಜಿತ ಎಂದು ಮೊದಲೇ ಹೇಳಿ, ನನ್ನತ್ತ ತಿರುಗಿದರು. ಏಳು ಹೆಜ್ಜೆಯೂ ಆಯಿತೇ?

ನಡೆದದ್ದನ್ನು ಹೇಳಿದೆ. ಆರನೆಯ ಹೆಜ್ಜೆಗೆ ಪುರೋಹಿತರ ಮೊಬೈಲ್ ಹೊಡೆದುಕೊಂಡಿತು. ಅವರು ಫೋನ್ ಕಿವಿಗಿಟ್ಟು, ವಧೂವರರಿಗೆ ಕೂರಿ ಎಂದು ಸನ್ನೆ ಮಾಡಿದರು. ‘ಸ್ವಾಮಿ, ಇನ್ನೊಂದಿದೆ’ ಎಂದು ಫೋನ್ ಇಡಿಸಿ, ಏಳನೆಯ ಹೆಜ್ಜೆಯನ್ನೂ ಹಾಕಿಸಿದೆ.

“ಇಷ್ಟು ವರ್ಷದ ಮೇಲೂ ಲೆಕ್ಕ ಅಷ್ಟು ಖಚಿತವೇ?” ವಕೀಲರು ಕೆಣಕಿದರು.

“ಒಂದು ಗುಡ್ಡೆ ಅಕ್ಕಿ ಹಾಗೇ ಉಳಿದಿತ್ತಲ್ಲ!”

ಜಡ್ಜ್ ನಗಲಿಲ್ಲ. ಹಳದಿ ಚೀಟಿಯ ಪುಟ ತೆರೆದು ಗಟ್ಟಿಯಾಗಿ ಓದಿದರು: ಸಪ್ತಪದಿ ಇರುವ ಮದುವೆ ಏಳನೆಯ ಹೆಜ್ಜೆಗೆ ಪೂರ್ಣವಾಗುತ್ತದೆ. ಪರದೇಶದ ಕಾನೂನನ್ನು ಅವರು ತಮ್ಮ ಊರಿನದಷ್ಟೇ ಎಚ್ಚರದಿಂದ ಓದುತ್ತಿದ್ದರೆ, ನಾನು ಸಾಕ್ಷಿಕಟ್ಟೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತೆ.

ಮಧ್ಯಾಹ್ನ ಆದೇಶದ ಪ್ರತಿ ಸಿಕ್ಕಿತು. ಲಿಫ್ಟಿನ ಬಳಿ ಮೈದುನ, “ಬರ್ತೀನಿ ಅತ್ತಿಗೆ” ಎಂದ. ಇವಳು ಹೂಂ ಎಂದಳು. ‘ಮೃತರ ಪತ್ನಿ’ ಎಂದಿದ್ದ ಸಾಲಿನಿಂದ ಕಣ್ಣು ತೆಗೆಯಲಿಲ್ಲ.